ಹೆದ್ದಾರಿ ಬದಿಯ ಕಂಬದ ಬೋರ್ಡ್: ಅಕ್ಷರದಿಂದ ಗುಂಡಿಯವರೆಗೆ

ಹೋಟೆಲ್ಲು, ಶೋರೂಮು, ಕಲ್ಯಾಣ ಮಂಟಪ, ನರ್ಸರಿ ಯಾವುದೇ ಇರಲಿ, ರಸ್ತೆ ಬದಿಗೆ ದೊಡ್ಡ ಕಂಬದ ಬೋರ್ಡ್ ನಿಲ್ಲಿಸಬೇಕು ಅಂದ ಕೂಡಲೇ ಸೈನ್ ಬೋರ್ಡ್ ಅಂಗಡಿಯವರು ಕೇಳುವ ಮೊದಲ ಪ್ರಶ್ನೆ ‘ಎಷ್ಟಡಿ ಸಾರ್?’ ಮಾಲೀಕರೂ ಪಕ್ಕದವರ ಬೋರ್ಡ್ ನೋಡಿ ಅದಕ್ಕಿಂತ ಎರಡಡಿ ಜಾಸ್ತಿ ಹೇಳುತ್ತಾರೆ. ಅಲ್ಲಿಂದಲೇ ಲೆಕ್ಕ ತಪ್ಪುತ್ತದೆ. ಅಡಿ ಎಷ್ಟೆಂಬುದು ಕೊನೆಗೆ ತಾನಾಗಿ ಸಿಗಬೇಕಾದ ಉತ್ತರ. ಮೊದಲು ರಸ್ತೆ, ಆಮೇಲೆ ಅಕ್ಷರ, ಆಮೇಲೆ ಹಲಗೆ, ಗಾಳಿ, ಕಂಬ, ಗುಂಡಿ. ಈ ಕ್ರಮ ತಲೆಕೆಳಗಾದರೆ ಒಂದೋ ಯಾರಿಗೂ ಓದಲಾಗದ ಬೋರ್ಡ್ ನಿಲ್ಲುತ್ತದೆ, ಇಲ್ಲವೇ ಮೇ ತಿಂಗಳ ಒಂದು ಸಂಜೆ ಪಕ್ಕದ ಕಾರಿನ ಮೇಲೆ ಮಲಗುತ್ತದೆ.

ಮೊದಲು ಕಾರಿನಲ್ಲಿ ಕೂತು ನೋಡಿ

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ವಾಹನ 30–40 ಕಿ.ಮೀ. ವೇಗ ದಾಟುವುದೇ ಕಷ್ಟ. ಕ್ಯಾತ್ಸಂದ್ರ ದಾಟಿ ಬೈಪಾಸ್ ಹತ್ತಿದರೆ ಅದೇ ಕಾರು 80ಕ್ಕೆ ಏರುತ್ತದೆ. ಕೋಲಾರದ ಕಡೆಯ ರಾಷ್ಟ್ರೀಯ ಹೆದ್ದಾರಿ 75, ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿ ಕಡೆ ಹೋಗುವ 44 ಕೂಡ ಹಾಗೇ. ಊರೊಳಗಿನ ಅಂಗಡಿಗೆ ಹೆದ್ದಾರಿಯ ಬೋರ್ಡ್ ದಂಡ. ಹೆದ್ದಾರಿಯ ಹೋಟೆಲಿಗೆ ಊರೊಳಗಿನ ಬೋರ್ಡ್ ಹಾಕಿದರೆ ಅದು ಇದ್ದೂ ಇಲ್ಲದ ಹಾಗೆ.

ಲೆಕ್ಕ ಹೀಗೆ. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್. ಬೋರ್ಡ್ ಕಣ್ಣಿಗೆ ಬಿದ್ದು, ಓದಿ, ‘ಇಲ್ಲೇ ನಿಲ್ಲಿಸೋಣ’ ಅಂದುಕೊಳ್ಳಲು 5 ಸೆಕೆಂಡ್ ಇಟ್ಟುಕೊಳ್ಳಿ. ಅಷ್ಟರಲ್ಲಿ 110 ಮೀಟರ್ ಮುಗಿಯಿತು. ಹಿಂದಿನ ಲಾರಿ ಬಂದು ಗುದ್ದದ ಹಾಗೆ ನಿಧಾನಕ್ಕೆ ಬ್ರೇಕ್ ಹಿಡಿದು ಸರ್ವೀಸ್ ರಸ್ತೆಯ ಬಾಯಿಗೆ ಇಳಿಯಲು ಇನ್ನೊಂದು 120 ಮೀಟರ್ ಬೇಕು. ಅಂದರೆ ತಿರುವಿಗೆ ಸುಮಾರು 230 ಮೀಟರ್ ಮುಂಚೆಯೇ ಓದು ಶುರುವಾಗಬೇಕು.

ನಾಲ್ಕು ಪಥದ ರಸ್ತೆಯಲ್ಲಿ ಬಹಳ ಜನ ಎಡವುವುದು ಇಲ್ಲೇ. ಅಂಗಡಿ ಇರುವ ಜಾಗ ಒಂದು, ವಾಹನ ಇಳಿಯಬೇಕಾದ ಜಾಗ ಇನ್ನೊಂದು. ಸರ್ವೀಸ್ ರಸ್ತೆಗೆ ಇಳಿಯುವ ಬಾಯಿ ನಿಮ್ಮ ಅಂಗಡಿಗಿಂತ 200 ಮೀಟರ್ ಹಿಂದೆ ಇದ್ದರೆ, ಅಂಗಡಿ ಮುಂದೆ ಎಷ್ಟೇ ಎತ್ತರದ ಬೋರ್ಡ್ ನಿಲ್ಲಿಸಿದರೂ ಅದು ತಪ್ಪಿಸಿಕೊಂಡವರಿಗೆ ‘ನೀವು ತಪ್ಪಿಸಿಕೊಂಡಿರಿ’ ಎಂದು ಹೇಳುವ ಬೋರ್ಡ್. ಅಂಥ ಕಡೆ ಬಾಯಿಗಿಂತ ಮುಂಚಿನ ಜಮೀನಿನವರ ಹತ್ತಿರ ಹತ್ತಡಿ ಜಾಗವನ್ನು ಬಾಡಿಗೆ ಕರಾರಿನ ಮೇಲೆ ಪಡೆದು, ಅಲ್ಲಿ ಬಾಣದ ಗುರುತಿನ ಬೋರ್ಡ್ ಹಾಕಿ. ಅಂಗಡಿ ಮುಂದೆ ಚಿಕ್ಕದು ಸಾಕು.

ಎರಡೂ ದಿಕ್ಕಿನಿಂದ, ಹಗಲೊಮ್ಮೆ, ಕತ್ತಲಾದ ಮೇಲೊಮ್ಮೆ ಗಾಡಿ ಓಡಿಸಿ. ಪಕ್ಕದಲ್ಲಿ ಕೂತವರು ಫೋನಿನಲ್ಲಿ ವಿಡಿಯೊ ಹಿಡಿಯಲಿ. ಬೋರ್ಡ್ ಬರುವ ಜಾಗದಲ್ಲಿ ಒಬ್ಬರು ಇಪ್ಪತ್ತಡಿ ಬಿದಿರು ಗಳಕ್ಕೆ ಬಿಳಿ ಪಂಚೆ ಕಟ್ಟಿ ಹಿಡಿದು ನಿಲ್ಲಲಿ. ಪಂಚೆ ಯಾವಾಗ ಕಾಣಿಸಿತು, ಯಾವ ಮರದ ಹಿಂದೆ ಮರೆಯಾಯಿತು, ಯಾವ ಟ್ರಾನ್ಸ್‌ಫಾರ್ಮರ್ ಅಡ್ಡ ಬಂತು ಎಂಬುದೆಲ್ಲ ವಿಡಿಯೊದಲ್ಲಿ ಸಿಗುತ್ತದೆ. ಕಾಸು ಖರ್ಚಿಲ್ಲದ ಈ ಪರೀಕ್ಷೆಯಷ್ಟು ಉಪಯೋಗದ್ದು ಬೇರೊಂದಿಲ್ಲ, ಮಾಡುವವರು ಮಾತ್ರ ಬಲು ಕಡಿಮೆ.

ಈ ನೋಟವನ್ನು ಫೆಬ್ರವರಿಯಲ್ಲಿ ಮಾಡಿದ್ದರೆ ಒಂದು ಎಚ್ಚರಿಕೆ. ಆಗ ಹೊಂಗೆ ಎಲೆ ಉದುರಿಸಿ ಬೋಳಾಗಿರುತ್ತದೆ. ಯುಗಾದಿ ಹೊತ್ತಿಗೆ ಚಿಗುರಿ ದಟ್ಟವಾದಾಗ ಅದೇ ಮರ ಗೋಡೆಯಂತೆ ನಿಲ್ಲುತ್ತದೆ. ಸಾಲುಮರದ ಕೊಂಬೆಗೆ ನೀವಾಗಿ ಕೈ ಹಾಕುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಬೋರ್ಡನ್ನೇ ಹತ್ತಡಿ ಸರಿಸುವುದು ಸಲೀಸು.

ಯಾವ ನಮೂನೆ

ಒಂಟಿ ಕಂಬದ ಪೈಲಾನ್ ಅಥವಾ ಯೂನಿಪೋಲ್ ಹೆದ್ದಾರಿಗೆ ಸರಿ. ಜಾಗ ಕಡಿಮೆ ತಿನ್ನುತ್ತದೆ, ಕೆಳಗೆ ಗಾಡಿ ನಿಲ್ಲಿಸಬಹುದು. ಎರಡು ಕಾಲಿನದು ಅಗಲದ ಹಲಗೆಗೆ ಒಳ್ಳೆಯದು, ಬುಡದ ಕೆಲಸ ಹಗುರಾಗುತ್ತದೆ. ನೆಲದಿಂದಲೇ ಏಳುವ ತೆಳ್ಳಗಿನ ಟೋಟೆಮ್ ಆಸ್ಪತ್ರೆ, ಕಾಲೇಜು, ಪೆಟ್ರೋಲ್ ಬಂಕಿನ ಬಾಗಿಲಿಗೆ. ಕಲ್ಲು ಕಟ್ಟಿ ಅದರ ಮೇಲೆ ಅಕ್ಷರ ಕೂರಿಸುವ ಗಿಡ್ಡ ಬೋರ್ಡ್ ಲೇಔಟು, ರೆಸಾರ್ಟುಗಳಿಗೆ. ನಂದಿ ಬೆಟ್ಟದ ತಪ್ಪಲಿನ ರಸ್ತೆಗಳಲ್ಲಿ ಈ ಕೊನೆಯದೇ ಚೆಂದ. ಅಲ್ಲಿ ವೇಗ ಕಡಿಮೆ, ಚಳಿಗಾಲದ ಬೆಳಗಿನ ಮಂಜಿನಲ್ಲಿ ಎತ್ತರದ ಬೋರ್ಡಿಗಿಂತ ಕಾರಿನ ದೀಪದ ಮಟ್ಟದಲ್ಲಿರುವುದು ಬೇಗ ಕಾಣುತ್ತದೆ. ಒಂದೇ ಕಾಂಪ್ಲೆಕ್ಸಿನಲ್ಲಿ ಎಂಟು ಅಂಗಡಿ ಇದ್ದು ಎಲ್ಲರೂ ಒಂದೇ ಕಂಬದಲ್ಲಿ ಪಾಲು ಕೇಳಿದರೆ, ಕಾಂಪ್ಲೆಕ್ಸಿನ ಹೆಸರು ಮಾತ್ರ ದೊಡ್ಡದಾಗಿ ಬರೆಸಿ. ಎಂಟೂ ಹೆಸರು ತುರುಕಿದ ಹಲಗೆಯನ್ನು ನಿಂತು ಓದಬೇಕು, ಹೆದ್ದಾರಿಯಲ್ಲಿ ಯಾರೂ ನಿಲ್ಲುವುದಿಲ್ಲ.

ಹಲಗೆ ರಸ್ತೆಗೆ ಮುಖ ಮಾಡಿ ನಿಲ್ಲಬಾರದು, ಬರುವವರಿಗೆ ಮುಖ ಮಾಡಬೇಕು. ಎರಡು ಬದಿಗೂ ಅಕ್ಷರ ಇದ್ದು ರಸ್ತೆಗೆ ಅಡ್ಡಡ್ಡ ನಿಂತರೆ ಎರಡು ದಿಕ್ಕಿನವರಿಗೂ ಸಿಗುತ್ತದೆ. ರಸ್ತೆಗೆ ಸಮಾನಾಂತರವಾಗಿ ಗೋಡೆಯ ಹಾಗೆ ನಿಲ್ಲಿಸಿದ್ದನ್ನು ನೋಡಲು ಚಾಲಕ ಕತ್ತು ಹೊರಳಿಸಬೇಕಾಗುತ್ತದೆ.

ಅಕ್ಷರದ ಮೈ, ಅಕ್ಷರದ ಬಾಲ

ಸೈನ್ ಬೋರ್ಡ್ ಕಂಪನಿಗಳ ಕ್ಯಾಟಲಾಗಿನಲ್ಲಿ ಬರುವ ಓದುವ ದೂರದ ಪಟ್ಟಿಗಳು ಇಂಗ್ಲಿಷ್ ದೊಡ್ಡಕ್ಷರಕ್ಕೆ ಮಾಡಿದವು. ಒಂದು ಅಂಗುಲ ಎತ್ತರದ ಅಕ್ಷರ 30 ಅಡಿಯಿಂದ ಓದಲು ಸಿಗುತ್ತದೆ ಎಂಬುದು ಅವುಗಳ ಹೆಬ್ಬೆರಳ ಲೆಕ್ಕ. ಬೋರ್ಡ್ ತಿರುವಿನ ಬಾಯಿಗಿಂತ 120 ಮೀಟರ್ ಮುಂಚೆಯೇ ನಿಂತಿದ್ದರೆ ಓದಲು ಬೇಕಾದದ್ದು ಆ ಮೊದಲ 110 ಮೀಟರ್ ಮಾತ್ರ. 110 ಮೀಟರ್ ಎಂದರೆ 360 ಅಡಿ, ಭಾಗಿಸಿದರೆ 12 ಅಂಗುಲ. ಇದನ್ನು ನಂಬಿ ಕನ್ನಡದ ಸಾಲನ್ನೂ 12 ಅಂಗುಲಕ್ಕೆ ಕೂರಿಸಿದಿರೋ, ಕೆಟ್ಟಿತು.

ಕನ್ನಡದ ಅಕ್ಷರಕ್ಕೆ ತಲೆಯ ಮೇಲೆ ಗುಣಿತ, ಕೆಳಗೆ ಒತ್ತು ಇರುತ್ತದೆ. ‘ಲಕ್ಷ್ಮೀ’ ಎಂದು ಬರೆದು ನೋಡಿ. ಕಕಾರದ ಕೆಳಗೆ ಷ ಒತ್ತು, ಅದರ ಜೊತೆಗೆ ಮ ಒತ್ತು, ಮೇಲೆ ಗುಡಿಸು, ಬಲಕ್ಕೆ ದೀರ್ಘದ ಬಾಲ. ಕಂಪ್ಯೂಟರಿನಲ್ಲಿ ಡಿಸೈನರ್ ಈ ಇಡೀ ಗುಚ್ಛವನ್ನು ಹಿಡಿದು 12 ಅಂಗುಲದ ಚೌಕಕ್ಕೆ ಎಳೆದರೆ, ಅಕ್ಷರದ ಮೈಗೆ ಉಳಿಯುವುದು ಬರೀ ಆರು ಅಂಗುಲ. 110 ಮೀಟರಿಂದ ಸಿಗಬೇಕಾದ ಹೆಸರು 55 ಮೀಟರಿಗೆ ಬಂದಾಗ ಸಿಗುತ್ತದೆ. ಅಷ್ಟರಲ್ಲಿ ಗಿರಾಕಿ ಮುಂದಿನ ಹೋಟೆಲಿನಲ್ಲಿ ತಟ್ಟೆ ಇಡ್ಲಿಗೆ ಕೂತಿರುತ್ತಾನೆ.

ಆದ್ದರಿಂದ ಡಿಸೈನರಿಗೆ ಹೇಳಬೇಕಾದ ಮಾತು ಒಂದೇ: ‘ಲ’ ಅಕ್ಷರದ ಮೈ 12 ಅಂಗುಲ ಇರಲಿ. ಗುಣಿತಕ್ಕೆ ಮೇಲೆ 4, ಒತ್ತಿಗೆ ಕೆಳಗೆ 8 ಸೇರಿ ಸಾಲಿನ ಎತ್ತರ 24 ಅಂಗುಲ ಆಗುತ್ತದೆ. ಹೆಸರಿನಲ್ಲಿ ಒತ್ತೇ ಇಲ್ಲದಿದ್ದರೆ, ‘ಕಮಲಾ’, ‘ಮಯೂರ’ದಂಥ ಹೆಸರಾದರೆ, 16 ಸಾಕು. ಹೆಸರಿಡುವ ಮುಂಚೆ ಯಾರೂ ಇದನ್ನು ಯೋಚಿಸುವುದಿಲ್ಲ, ಆದರೆ ಒತ್ತಿಲ್ಲದ ಹೆಸರು ಬೋರ್ಡಿನಲ್ಲಿ ನಿಜಕ್ಕೂ ದುಡ್ಡು ಉಳಿಸುತ್ತದೆ.

ಈಗ ಅಗಲ. ಕನ್ನಡದ ಅಕ್ಷರ ಎತ್ತರಕ್ಕಿಂತ ಅಗಲ ತುಸು ಜಾಸ್ತಿ. 12 ಅಂಗುಲದ ಮೈಗೆ ಸಂದು ಸೇರಿ 14 ಅಂಗುಲ ಹಿಡಿಯಿರಿ. ಹಲಗೆ 3 ಮೀಟರ್ ಅಗಲ, ಅಂದರೆ 118 ಅಂಗುಲ. ಎರಡೂ ಅಂಚಿನಲ್ಲಿ ಹತ್ತರಲ್ಲೊಂದು ಭಾಗ ಖಾಲಿ ಬಿಟ್ಟರೆ ಉಳಿಯುವುದು 94. ಅದರಲ್ಲಿ ಕೂರುವುದು ಆರೂವರೆ ಅಕ್ಷರ. ‘ಲಕ್ಷ್ಮೀ ಹೋಟೆಲ್’ ಐದು ಅಕ್ಷರ, ಎರಡು ದೀರ್ಘದ ಬಾಲ, ನಡುವೆ ಒಂದು ಸಂದು: ಸರಿಯಾಗಿ ಹಿಡಿಯುತ್ತದೆ. ‘ಶ್ರೀ ಲಕ್ಷ್ಮೀ ವೆಂಕಟೇಶ್ವರ ವೆಜ್ ರೆಸ್ಟೋರೆಂಟ್ ಅಂಡ್ ಲಾಡ್ಜಿಂಗ್’ ಹಿಡಿಯುವುದಿಲ್ಲ. ಪೂರ್ತಿ ಹೆಸರು ಲೈಸೆನ್ಸಿನಲ್ಲಿ ಇರಲಿ, ಬಿಲ್ಲಿನಲ್ಲಿ ಇರಲಿ. ಕಂಬದ ಮೇಲೆ ಜನ ಕರೆಯುವ ಹೆಸರು ಇರಲಿ. ಅದರ ಜೊತೆಗೆ ಏನು ಸಿಗುತ್ತದೆ ಎಂಬ ಒಂದು ಮಾತು, ಬಾಣ, ದೂರ. ಫೋನ್ ನಂಬರ್ ಹೆದ್ದಾರಿಯಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ. ದೇವರ ಪಟ, ಮಾಲೀಕರ ಪಟ, ‘ನಮ್ಮಲ್ಲಿ ಶುಚಿ ರುಚಿ’ ಇವೆಲ್ಲ ಕೌಂಟರಿನ ಹಿಂದಿನ ಗೋಡೆಗೆ.

ಬೋರ್ಡ್ ತಿರುವಿನ ಬಾಯಲ್ಲೇ ನಿಲ್ಲುವುದಾದರೆ ಓದು 230 ಮೀಟರಿನಿಂದಲೇ ಶುರುವಾಗಬೇಕಲ್ಲ, ಆಗ ಮೈ 25 ಅಂಗುಲ ಬೇಕು. ಹಲಗೆ ಅಗಲದಲ್ಲೂ ಎತ್ತರದಲ್ಲೂ ದುಪ್ಪಟ್ಟು, ವಿಸ್ತಾರ ನಾಲ್ಕು ಪಟ್ಟು. ನೂರಿಪ್ಪತ್ತು ಮೀಟರ್ ಮುಂಚಿನ ಬಾಡಿಗೆ ಜಾಗ ಯಾಕೆ ಅಗ್ಗ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಅಕ್ಷರದ ಗೆರೆ ತೀರಾ ದಪ್ಪ ಮಾಡಿಸಬೇಡಿ. ಷ, ಘ, ಭ, ಈ ಅಕ್ಷರಗಳ ಹೊಟ್ಟೆಯೊಳಗಿನ ಸಂದು ಮುಚ್ಚಿ ದೂರದಿಂದ ಎಲ್ಲ ಒಂದೇ ಉಂಡೆಯಂತೆ ಕಾಣುತ್ತವೆ. ಮೈಯ ಏಳರಲ್ಲೊಂದು ಭಾಗ ದಪ್ಪ ಹಗಲಿಗೆ ಸರಿ. ಒಳಗಿಂದ ದೀಪ ಉರಿಯುವ ಬಿಳಿ ಅಕ್ಷರವಾದರೆ ಇನ್ನೂ ತುಸು ತೆಳ್ಳಗಿರಲಿ, ರಾತ್ರಿ ಬೆಳಕು ಹರಡಿ ತಾನೇ ದಪ್ಪ ಕಾಣುತ್ತದೆ. ಹಳದಿ ಮೇಲೆ ಕೆಂಪು ನಮ್ಮೆಲ್ಲರ ಅಭಿಮಾನದ ಬಣ್ಣವೇ, ಆದರೆ ಮುಸ್ಸಂಜೆಯಲ್ಲಿ ಕಣ್ಣಿಗೆ ಮೊದಲು ಕಪ್ಪಾಗುವುದು ಕೆಂಪು. ಬಿಸಿಲಿಗೆ ಮೊದಲು ಮಾಸುವ ವಿನೈಲ್ ಕೂಡ ಕೆಂಪೇ. ಕೆಂಪು ಬೇಕೇ ಬೇಕೆಂದರೆ ಅದನ್ನು ಹಿನ್ನೆಲೆಗೆ ಹಾಕಿ ಅಕ್ಷರ ಬಿಳಿ ಅಥವಾ ಹಳದಿ ಮಾಡಿಸಿ.

ಇನ್ನೊಂದು ಹಳೇ ರೋಗ: ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲನ್ನು ಬೇರೆ ಫಾಂಟಿರುವ ಕಂಪ್ಯೂಟರಿನಲ್ಲಿ ತೆರೆದಾಗ ಒತ್ತುಗಳು ಜಾಗ ಬಿಟ್ಟು ಓಡುತ್ತವೆ, ಕತ್ತರಿಸುವವನಿಗೆ ಕನ್ನಡ ಬಾರದಿದ್ದರೆ ಹಾಗೇ ಕತ್ತರಿಸುತ್ತಾನೆ. ಅಕ್ಷರಗಳನ್ನು ಕರ್ವ್ ಮಾಡಿಸಿದ, ಅಂದರೆ ಫಾಂಟಿನ ಹಂಗಿಲ್ಲದ ಗೆರೆಚಿತ್ರವಾಗಿಸಿದ ಫೈಲನ್ನೇ ಕೊಡಿ. ಕತ್ತರಿಸುವ ಮುಂಚೆ ನಿಜವಾದ ಅಳತೆಯಲ್ಲಿ ಒಂದು ಪದವನ್ನು ಕಾಗದದಲ್ಲಿ ತೆಗೆಸಿ, ಗೋಡೆಗೆ ಅಂಟಿಸಿ, ಮನೆಯ ಮಗುವಿನಿಂದ ಓದಿಸಿ. ಅಕಾರ ಹಕಾರ ಅದಲುಬದಲಾಗಿದ್ದರೆ ಅಲ್ಲೇ ಸಿಗುತ್ತದೆ.

ಭಾಷೆಯ ಪಾಲಿನ ವಿಷಯಕ್ಕೆ ಬಂದರೆ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಮೇಲೆ ಹೇಳಿದ 24 ಅಂಗುಲದ ಸಾಲು ಮೇಲೆ, 9–10 ಅಂಗುಲದ ಇಂಗ್ಲಿಷ್ ಸಾಲು ಕೆಳಗೆ, ಆಮೇಲೆ ಬಾಣ ಮತ್ತು ದೂರ ಬಂದರೆ 2 ಮೀಟರ್ ಎತ್ತರದ ಹಲಗೆಯಲ್ಲಿ ಎಲ್ಲ ನಿರಾಳವಾಗಿ ಕೂರುತ್ತದೆ. ಹೀಗೆ 3 ಮೀಟರ್ × 2 ಮೀಟರ್ ಹಲಗೆ ಸಿಕ್ಕಿತು. ಇದನ್ನೇ ಹಿಡಿದು ಮುಂದೆ ಹೋಗೋಣ.

ಗಾಳಿಯ ಲೆಕ್ಕ

ಬೋರ್ಡ್ ಬೀಳುವುದು ತನ್ನ ಭಾರಕ್ಕಲ್ಲ, ಗಾಳಿಗೆ. ಆಷಾಢದ ಗಾಳಿ ಒಂದೇ ಸಮನೆ ಬೀಸುತ್ತದೆ, ಪಟ ಹಾರಿಸಲು ಚೆಂದ, ಬೋಲ್ಟನ್ನು ಮೆಲ್ಲಗೆ ಸಡಿಲಿಸುತ್ತದೆ. ಬೀಳಿಸುವುದು ಅದಲ್ಲ. ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗೆ ಮುಂಚೆ ಧೂಳೆಬ್ಬಿಸಿಕೊಂಡು ಬರುವ ಹತ್ತು ನಿಮಿಷದ ಬಿರುಗಾಳಿ. ಮುಂಬೈನ ಘಾಟ್ಕೋಪರಿನಲ್ಲಿ 2024ರ ಮೇ 13ರಂದು ಪೆಟ್ರೋಲ್ ಬಂಕಿನ ಮೇಲೆ ಜಾಹೀರಾತು ಹಲಗೆ ಉರುಳಿ 17 ಜನ ಸತ್ತದ್ದು ಇಂಥದೇ ಮುಂಗಾರು ಪೂರ್ವದ ಗಾಳಿಗೆ.

ಕಟ್ಟಡಗಳ ಮೇಲಿನ ಗಾಳಿಯ ಲೆಕ್ಕಕ್ಕಿರುವ ಭಾರತೀಯ ಸಂಹಿತೆ ಐಎಸ್ 875ರ 3ನೇ ಭಾಗದಲ್ಲಿ ಬೆಂಗಳೂರಿಗೆ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಎಂದಿದೆ. ನಿಮ್ಮ ಊರಿನ ಅಂಕಿಯನ್ನೂ, ಎತ್ತರ, ಬಯಲು, ಗುಡ್ಡಕ್ಕೆ ಸೇರಿಸಬೇಕಾದ ಗುಣಕಗಳನ್ನೂ ಎಂಜಿನಿಯರ್ ಅದೇ ಸಂಹಿತೆಯ ನಕ್ಷೆ, ಕೋಷ್ಟಕದಿಂದ ತೆಗೆಯುತ್ತಾರೆ. ನಿಮಗೆ ಬೇಕಾದದ್ದು ಅಂದಾಜು, ಯಾಕೆಂದರೆ ಕೊಟೇಶನ್ ಕೊಟ್ಟವನು ಲೆಕ್ಕ ಮಾಡಿದ್ದಾನೋ ಕಣ್ಣಂದಾಜು ಹೊಡೆದಿದ್ದಾನೋ ತಿಳಿಯುವುದು ಅದರಿಂದಲೇ.

ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ ಒತ್ತಡ: 33 × 33 × 0.6 = 653 ನ್ಯೂಟನ್, ಒಂದು ಚದರ ಮೀಟರಿಗೆ. ಚಪ್ಪಟೆ ಹಲಗೆಗೆ 1.2ರ ಗುಣಕ ಸೇರಿಸಿದರೆ 780. ಹಲಗೆ 6 ಚದರ ಮೀಟರ್, ಹಾಗಾಗಿ ಒಟ್ಟು 4,680 ನ್ಯೂಟನ್. ಆಡುಮಾತಿನಲ್ಲಿ 480 ಕೆ.ಜಿ. ಅಂದರೆ ಐವತ್ತು ಕೆ.ಜಿ.ಯ ಹತ್ತು ಸಿಮೆಂಟ್ ಚೀಲ ಅಡ್ಡಡ್ಡ ತಳ್ಳಿದ ಹಾಗೆ. ಹಲಗೆಯ ಕೆಳಂಚು ನೆಲದಿಂದ 4 ಮೀಟರ್, ನಡು 5 ಮೀಟರ್ ಎತ್ತರ. ಬುಡದ ಮೇಲಿನ ಬಗ್ಗಿಸುವ ಬಲ 4,680 × 5 = 23,400 ನ್ಯೂಟನ್ ಮೀಟರ್.

‘ಇನ್ನೊಂದು ಹತ್ತಡಿ ಮೇಲಕ್ಕೆ ಹೋಗಲಿ’ ಎಂದರೆ ಈ ಗುಣಾಕಾರದ 5 ಎಂಬುದು 8 ಆಗುತ್ತದೆ. ಹಲಗೆ ಅದೇ, ಅಕ್ಷರ ಅದೇ, ಬುಡದ ಖರ್ಚು ಮಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚು. ಮುಂದೆ ನಿಂತ ಲಾರಿಯ ಮೇಲಿಂದ ಕಾಣುವಷ್ಟು ಎತ್ತರ ಸಾಕು. ನಾಲ್ಕು ಮೀಟರ್ ಕೆಳಂಚು ಅದಕ್ಕೆ ಸರಿಹೋಗುತ್ತದೆ.

ಕಂಬ

ಇದೇ 23,400ಕ್ಕೆ ಆರಿಂಚಿನ ಪೈಪ್ (ಹೊರಗಿನ ವ್ಯಾಸ 168 ಮಿ.ಮೀ., ದಪ್ಪ 4.85) ಹಾಕಿದರೆ ಉಕ್ಕಿನ ಮೇಲಿನ ಒತ್ತಡ ಚದರ ಮಿ.ಮೀ.ಗೆ 237 ನ್ಯೂಟನ್ ಮುಟ್ಟುತ್ತದೆ. ಸಾಧಾರಣ ಉಕ್ಕು 250ರ ಹತ್ತಿರ ಬಾಗಿ ಹಾಗೇ ಉಳಿಯುತ್ತದೆ. ಎಂಟಿಂಚಿನ ಪೈಪ್ (219 ಮಿ.ಮೀ., ದಪ್ಪ 6) ಹಾಕಿದರೆ 112ಕ್ಕೆ ಇಳಿಯುತ್ತದೆ. ಎರಡಿಂಚಿನ ವ್ಯತ್ಯಾಸ, ಅರ್ಧಕ್ಕರ್ಧ ನಿರಾಳ. ಎಂಟಿಂಚಿನದು ಮೀಟರಿಗೆ ಸುಮಾರು 31 ಕೆ.ಜಿ. ತೂಗುತ್ತದೆ. ಆದ್ದರಿಂದ ಕೊಟೇಶನ್ನಿನಲ್ಲಿ ‘ಹೆವಿ ಎಂ.ಎಸ್. ಪೈಪ್’ ಎಂಬ ಮಾತಿಗೆ ಬೆಲೆ ಕೊಡಬೇಡಿ. ವ್ಯಾಸ, ದಪ್ಪ, ಮೀಟರಿಗೆ ಎಷ್ಟು ಕೆ.ಜಿ. ಬರೆಸಿ. ಪೈಪ್ ಬಂದ ದಿನ ವೇಬ್ರಿಡ್ಜಿನಲ್ಲಿ ತೂಗಿಸಿ. ಗುಜರಿಯಿಂದ ತಂದ ಬೋರ್‌ವೆಲ್ ಕೇಸಿಂಗ್ ಪೈಪು ಕಂಬವಾಗುವುದು ನಮ್ಮ ಕಡೆ ಮಾಮೂಲು. ಸಾವಿರಾರು ಅಡಿ ಕೊರೆಯುವ ಜಿಲ್ಲೆಗಳಲ್ಲಿ ಅದಕ್ಕೆ ಬರವೇ? ಕೇಸಿಂಗಿನ ಗೋಡೆ ತೆಳ್ಳಗಿರುತ್ತದೆ, ಒಳಗೆ ತುಕ್ಕು ಎಷ್ಟು ತಿಂದಿದೆ ಎಂಬುದು ಹೊರಗಿನ ಬಣ್ಣದಲ್ಲಿ ಕಾಣುವುದಿಲ್ಲ.

ಬುಡದ ಪ್ಲೇಟ್ 20–25 ಮಿ.ಮೀ. ದಪ್ಪ, ಕಂಬಕ್ಕೂ ಪ್ಲೇಟಿಗೂ ನಡುವೆ ತ್ರಿಕೋನದ ಆನಿಕೆ ಪಟ್ಟಿ ಕನಿಷ್ಠ ನಾಲ್ಕು. ಕಂಬದ ತಲೆಗೆ ಮುಚ್ಚಳ ಬೆಸುಗೆ ಹಾಕಿಸಿ, ಬುಡದಲ್ಲಿ ಪ್ಲೇಟಿಗೆ ತಾಗಿದ ಹಾಗೆ ಒಂದು ಸಣ್ಣ ತೂತು ಇರಲಿ. ತೂತಿಲ್ಲದ ಕಂಬದೊಳಗೆ ಬೆವರಿದ ನೀರು ಬುಡದಲ್ಲಿ ನಿಂತು, ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಕಣ್ಣಿಗೆ ಬೀಳುವ ಹೊತ್ತಿಗೆ ಕಂಬ ಕೈಕೊಟ್ಟಿರುತ್ತದೆ.

ಸತು ಲೇಪನ ಮಾಡಿಸುವ ಶಕ್ತಿ ಇದ್ದರೆ ಅದಕ್ಕೆ ಮಿಗಿಲಿಲ್ಲ. ಇಲ್ಲದಿದ್ದರೆ ಬೆಸುಗೆಯ ಚೆಕ್ಕೆ ಕುಟ್ಟಿ, ತಂತಿ ಬ್ರಷ್ ಹೊಡೆದು, ಎಪಾಕ್ಸಿ ಪ್ರೈಮರ್ ಒಂದು ಕೈ, ಪಾಲಿಯುರೆಥೇನ್ ಬಣ್ಣ ಎರಡು ಕೈ. ತುಕ್ಕಿನ ಮೇಲೆ ನೇರ ರೆಡ್ ಆಕ್ಸೈಡ್ ಬಳಿದು ‘ಆಯ್ತು ಸಾರ್’ ಅನ್ನುವವರನ್ನು ತಡೆಯಬೇಕಾದ್ದು ನಿಮ್ಮ ಎದುರಿಗೇ.

ಗುಂಡಿ

ಎಷ್ಟೇ ಒಳ್ಳೆಯ ಕಂಬವೂ ಗುಂಡಿಯಷ್ಟೇ ಗಟ್ಟಿ. ಗಾಳಿ ಇಡೀ ಬುಡವನ್ನು ಕಿತ್ತು ಮಗುಚಲು ನೋಡುತ್ತದೆ. ಕಾಂಕ್ರೀಟಿನ ಭಾರ ಅದನ್ನು ಹಿಡಿದುಕೊಳ್ಳಬೇಕು. ಗುಂಡಿ ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲ, 1.2 ಮೀಟರ್ ಆಳ ಎಂದಿಟ್ಟುಕೊಳ್ಳಿ. 2.7 ಘನ ಮೀಟರ್ ಕಾಂಕ್ರೀಟು, ಭಾರ ಆರೂವರೆ ಟನ್. ಗುಂಡಿಯ ತಳದಿಂದ ಲೆಕ್ಕ ಹಾಕಿದರೆ ಮಗುಚುವ ಬಲ 29,000 ನ್ಯೂಟನ್ ಮೀಟರ್. ಕಂಬ, ಹಲಗೆ ಸೇರಿ ನಾನೂರು ಕೆ.ಜಿ.ಯನ್ನೂ ಕೂಡಿಸಿದರೆ ಹಿಡಿದಿಡುವ ಬಲ ಸುಮಾರು 51,000. ಒಂದೂ ಮುಕ್ಕಾಲು ಪಟ್ಟು. ಒಂದೂವರೆಗಿಂತ ಕೆಳಗೆ ಇಳಿಯಬಾರದು.

ಇದೇ ಹಲಗೆಗೆ ಎರಡಡಿ × ಎರಡಡಿ × ಮೂರಡಿ ಗುಂಡಿ ತೋಡಿ, ಪೈಪನ್ನು ಇಳಿಸಿ ಜಲ್ಲಿ ಸುರಿಯುವುದು ವಾಡಿಕೆ. ಅದರ ಭಾರ ಎಂಟುನೂರು ಕೆ.ಜಿ. ಹಿಡಿದಿಡುವ ಬಲ ಎರಡೂವರೆ ಸಾವಿರವೂ ಇಲ್ಲ. ಸುತ್ತಲಿನ ಮಣ್ಣು ಸ್ವಲ್ಪ ಹಿಡಿಯುತ್ತದೆ ನಿಜ, ಆದರೆ ಮಳೆ ನೆನೆದ ಮಣ್ಣಿನ ಮಾತನ್ನು ಯಾರು ನಂಬುತ್ತಾರೆ?

ನೆಲ ನೋಡಿ ಗುಂಡಿ ಬದಲಾಗುತ್ತದೆ. ಗಟ್ಟಿ ಕೆಂಪು ಮಣ್ಣು, ಗರಸು ನೆಲ ಸಿಕ್ಕರೆ ಪುಣ್ಯ. ಮೂರಡಿಗೇ ಬಂಡೆ ಸಿಕ್ಕರೆ (ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸಾಮಾನ್ಯ) ‘ಬಂಡೆ ಸಿಕ್ತು, ಗಟ್ಟಿ ಆಯ್ತು’ ಎಂದು ಅಲ್ಲಿಗೇ ಕಾಂಕ್ರೀಟ್ ಸುರಿದರೆ ತಪ್ಪು. ಆಳ ಕಡಿಮೆಯಾದಷ್ಟು ಭಾರವೂ ಕಡಿಮೆ. ಬಂಡೆಗೆ ತೂತು ಕೊರೆದು ಕಂಬಿ ಇಳಿಸಿ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಬೇಕು, ಇಲ್ಲವೇ ಅಗಲ ಹೆಚ್ಚಿಸಬೇಕು. ಹೆದ್ದಾರಿ ಅಗಲ ಮಾಡುವಾಗ ತುಂಬಿದ ಮಣ್ಣು, ಕೆರೆಯಂಗಳದ ಜೇಡಿ, ಎರೆ ಮಣ್ಣು, ಇವು ಮೂರರಲ್ಲಿ ಯಾವುದು ಬಂದರೂ ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕು. ಬೆಂಗಳೂರಿನಿಂದ ಸಂಸ್ಕರಿಸಿದ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಕೋಲಾರದಲ್ಲಿ ತುಂಬಿದ ಕೆರೆಗಳ ಪಕ್ಕ ಹಿಂದೆ ಒಣಗಿದ್ದ ನೆಲದಲ್ಲೂ ಈಗ ನೀರು ಒಸರಬಹುದು. ಗುಂಡಿಯಲ್ಲಿ ನೀರಿದ್ದರೆ ಪಂಪಿಟ್ಟು ಖಾಲಿ ಮಾಡದೆ ಕಾಂಕ್ರೀಟ್ ಹಾಕಬಾರದು.

ಕೆಲಸದ ಕ್ರಮ ಹೀಗಿರಲಿ. ತಳದಲ್ಲಿ ನಾಲ್ಕಿಂಚು ಬಡ ಕಾಂಕ್ರೀಟು, ಅಂದರೆ ಸಿಮೆಂಟು ಕಡಿಮೆ ಹಾಕಿದ್ದು. ಅದರ ಮೇಲೆ 12 ಮಿ.ಮೀ. ಕಂಬಿಯ ಜಾಲರಿ, ಕೆಳಗೆ ಎರಡಿಂಚು ಎತ್ತರದ ಕವರ್ ಬ್ಲಾಕ್ ಇಟ್ಟು. ಎಂ24 ಅಳತೆಯ (24 ಮಿ.ಮೀ. ದಪ್ಪದ) ಫೌಂಡೇಶನ್ ಬೋಲ್ಟ್ ಕನಿಷ್ಠ ಆರು, ಕೆಳಗೆ ಬಗ್ಗಿಸಿದ್ದು ಅಥವಾ ಪ್ಲೇಟ್ ಹಾಕಿದ್ದು, ಜಾಲರಿಗೆ ಕಟ್ಟಿ. ಬೋಲ್ಟುಗಳ ತಲೆಗೆ ಬುಡದ ಪ್ಲೇಟಿನ ತೂತುಗಳನ್ನೇ ನಕಲು ಮಾಡಿದ ತಗಡಿನ ಟೆಂಪ್ಲೇಟ್ ಹಾಕಿ ನಟ್ ಬಿಗಿಯಿರಿ. ಟೆಂಪ್ಲೇಟಿಲ್ಲದೆ ಹಾಕಿದರೆ ಕಾಂಕ್ರೀಟ್ ಸುರಿಯುವಾಗ ಬೋಲ್ಟ್ ಅರ್ಧ ಇಂಚು ಸರಿಯುತ್ತದೆ. ಕಂಬ ಎತ್ತಲು ಕ್ರೇನ್ ಬಂದು ನಿಂತ ದಿನ ವೆಲ್ಡರ್ ಗ್ಯಾಸ್ ಕಟರ್ ಹಿಡಿದು ಪ್ಲೇಟಿನ ತೂತು ಅಗಲ ಮಾಡುತ್ತಾನೆ. ಆ ಬೋರ್ಡಿನ ಆಯುಷ್ಯ ಅಲ್ಲೇ ಅರ್ಧ ಮುಗಿಯಿತು. ಬೋಲ್ಟಿನ ಥ್ರೆಡ್ಡಿಗೆ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಸುತ್ತುವುದನ್ನು ಮರೆಯಬೇಡಿ. ವೈರಿಗೆ ಒಂದು ಪೈಪು ಗುಂಡಿಯ ಪಕ್ಕದಿಂದ ಕಂಬದ ನಡುವಿಗೆ ಈಗಲೇ ಬರಬೇಕು, ಆಮೇಲೆ ಕೊರೆಯಲಾಗದು.

ಎಂ20 ಕಾಂಕ್ರೀಟಿಗೆ ಸಿಮೆಂಟು, ಎಂ-ಸ್ಯಾಂಡು, ಜಲ್ಲಿ 1 : 1.5 : 3. 2.7 ಘನ ಮೀಟರಿಗೆ 22 ಚೀಲ ಸಿಮೆಂಟು, 1.15 ಘನ ಮೀಟರ್ ಮರಳು, 2.3 ಘನ ಮೀಟರ್ 20 ಮಿ.ಮೀ. ಜಲ್ಲಿ. ಸ್ಥಳದಲ್ಲಿ ಎಷ್ಟು ಖಾಲಿ ಚೀಲ ಬಿದ್ದಿವೆ ಎಂದು ಎಣಿಸಿದರೆ ಕೆಲಸದ ಗುಣ ಗೊತ್ತಾಗುತ್ತದೆ. ಹನ್ನೆರಡೇ ಇದ್ದರೆ ಕೇಳಿ. ಒಂದೇ ದಿನ, ತಡೆಯಿಲ್ಲದೆ ಸುರಿದು ವೈಬ್ರೇಟರ್ ಹಾಕಿಸಿ. ಗೋಣಿ ಹೊದಿಸಿ ಏಳು ದಿನವಾದರೂ ನೀರು ಬೀಳಲಿ, ಕಂಬ ಏರಿಸುವುದು ಹದಿನಾಲ್ಕು ದಿನದ ಮೇಲೆ. ಬುಡದ ಕಟ್ಟೆ ನೆಲಕ್ಕಿಂತ ಆರಿಂಚು ಮೇಲಿರಲಿ, ಇಲ್ಲದಿದ್ದರೆ ನೀರೂ ಎಲೆಕಸವೂ ಪ್ಲೇಟಿನ ಮೇಲೆ ನಿಂತು ಕೊಳೆಯುತ್ತವೆ. ಪ್ಲೇಟಿನ ಕೆಳಗೊಂದು ಮೇಲೊಂದು ನಟ್ ಹಾಕಿ ಕಂಬವನ್ನು ತೂಗುಗುಂಡು ಹಿಡಿದು ನೇರ ಮಾಡಿ, ಕೆಳಗಿನ ಸಂದಿಗೆ ಕುಗ್ಗದ ಗ್ರೌಟ್ ತುಂಬಿ.

ಪೆಟ್ಟಿಗೆ ಮತ್ತು ಬೆಳಕು

ಫ್ಲೆಕ್ಸ್ ಅಗ್ಗ, ಆದರೆ ರಾಜ್ಯದಲ್ಲಿ 2016ರ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಫ್ಲೆಕ್ಸೂ ಇದೆ. ಅದಿಲ್ಲದಿದ್ದರೂ ಎರಡು ಬೇಸಿಗೆಗೆ ಅದು ಜೋಲುತ್ತದೆ. ಹಲಗೆಯ ಮೈಗೆ 4 ಮಿ.ಮೀ. ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಹಾಳೆ) ಹಾಕಿಸಿ. ಹೊರಾಂಗಣಕ್ಕೆ ಪಿವಿಡಿಎಫ್ ಲೇಪನದ್ದೇ ಬೇಕು, ಒಳಾಂಗಣದ ಪಾಲಿಯೆಸ್ಟರ್ ಲೇಪನದ್ದು ಬಿಸಿಲಿಗೆ ಸುಣ್ಣದಂತೆ ಕೈಗೆ ಮೆತ್ತುತ್ತದೆ. ಬೆಳಗುವ ಅಕ್ಷರಕ್ಕೆ ಅಕ್ರಿಲಿಕ್. ಮೂರು ಮೀಟರ್ ಅಕ್ರಿಲಿಕ್ ಹಾಳೆ ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ನಡುವೆ ಆರು ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಸ್ಕ್ರೂ ತೂತು ಬಿಗಿಯಾಗಿದ್ದರೆ ಮೊದಲ ಏಪ್ರಿಲಿನಲ್ಲೇ ಮೂಲೆಯಿಂದ ಸೀಳು ಹೊರಡುತ್ತದೆ. ತೂತು ದೊಡ್ಡದು ಮಾಡಿ ಅಗಲ ವಾಷರ್ ಹಾಕಿಸಬೇಕು.

ಎಲ್‌ಇಡಿ ಮಾಡ್ಯೂಲ್ 1.2 ವ್ಯಾಟಿನದು ಚದರ ಮೀಟರಿಗೆ ಐವತ್ತು ಹಿಡಿದರೆ ಒಂದು ಬದಿಯ 6 ಚದರ ಮೀಟರಿಗೆ 300 ಮಾಡ್ಯೂಲ್, 360 ವ್ಯಾಟ್. ಪವರ್ ಸಪ್ಲೈಯನ್ನು ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ದುಡಿಸಬಾರದು, ಹಾಗಾಗಿ 450 ವ್ಯಾಟಿಗೆ ಸಾಲುವಷ್ಟು. ಸಂಜೆಯಿಂದ ದಿನಕ್ಕೆ ಐದು ತಾಸು ಉರಿಸಿದರೆ ತಿಂಗಳಿಗೆ ಬದಿಯೊಂದಕ್ಕೆ 54 ಯೂನಿಟ್. ಮಾಡ್ಯೂಲುಗಳನ್ನು ಒಂದಕ್ಕೊಂದು ಉದ್ದಕ್ಕೆ ಪೋಣಿಸುತ್ತ ಹೋದರೆ 12 ವೋಲ್ಟ್ ತುದಿಗೆ ತಲುಪುವಷ್ಟರಲ್ಲಿ ಇಳಿದು ಕೊನೆಯ ಅಕ್ಷರ ಮಂಕಾಗುತ್ತದೆ. ಇಪ್ಪತ್ತಕ್ಕೊಂದರಂತೆ ಬೇರೆ ಬೇರೆ ವೈರ್ ಎಳೆಸಿ. ಪೆಟ್ಟಿಗೆಯ ಆಳ ನಾಲ್ಕೈದು ಅಂಗುಲಕ್ಕಿಂತ ಕಡಿಮೆಯಾದರೆ ಅಕ್ಷರದ ಮೇಲೆ ಒಂದೊಂದು ಬಲ್ಬಿನ ಚುಕ್ಕಿ ಕಾಣುತ್ತದೆ. ಪವರ್ ಸಪ್ಲೈ ಮೇಲಿನ ಪೆಟ್ಟಿಗೆಯಲ್ಲಿ ಇಡಿಸಬೇಡಿ. ಬಿಸಿಗೆ ಮೊದಲು ಸಾಯುವುದು ಅದೇ, ಪ್ರತಿ ಸಲ ಏಣಿ ತರಿಸಬೇಕಾಗುತ್ತದೆ. ಕಂಬದ ಮೇಲೆ ನೆಲದಲ್ಲಿ ನಿಂತೇ ಕೈಗೆಟುಕುವ ಎತ್ತರದಲ್ಲಿ ಬೀಗದ ಡಬ್ಬಿಯಲ್ಲಿರಲಿ, ದಪ್ಪ ತಂತಿ ಎಳೆಯಿರಿ. ಪೆಟ್ಟಿಗೆಯ ತಳದಲ್ಲಿ ನೀರು ಇಳಿಯಲು ತೂತು, ತೂತಿಗೆ ಜಾಲರಿ. ಜಾಲರಿ ಇಲ್ಲದಿದ್ದರೆ ಗೊರವಂಕ ಗೂಡು ಕಟ್ಟುತ್ತದೆ, ಹಲ್ಲಿ ವೈರಿಗೆ ಸಿಕ್ಕಿ ಸುಡುತ್ತದೆ.

ಕಬ್ಬಿಣದ ಕಂಬಕ್ಕೆ ಬೇರೆಯೇ ಅರ್ತಿಂಗ್ ಗುಂಡಿ, ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು). ಮಳೆಯಲ್ಲಿ ಕಂಬ ಹಿಡಿದು ನಿಲ್ಲುವವರು ನಿಮ್ಮ ಗಿರಾಕಿಗಳೇ. ಬೆಸ್ಕಾಂ ತಂತಿಯಿಂದ ದೂರ: ಮನೆಗಳಿಗೆ ಹೋಗುವ ಸಾಧಾರಣ ಎಲ್‌ಟಿ ಲೈನಿಗೆ ಅಡ್ಡಲಾಗಿ 1.2 ಮೀಟರ್, ನೇರ (ಮೇಲೆ ಕೆಳಗೆ) 2.5, 11 ಕೆ.ವಿ.ಗೆ ಅಡ್ಡ 1.2, ನೇರ 3.7, 33 ಕೆ.ವಿ.ಗೆ ಅಡ್ಡ 2, ನೇರ 3.7. ಇದು ನಿಂತ ಬೋರ್ಡಿನ ಲೆಕ್ಕ. ಎತ್ತುವಾಗ ಕ್ರೇನಿನ ತೋಳು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ನೋಡಬೇಕು, ಅನುಮಾನವಿದ್ದರೆ ಆ ಎರಡು ಗಂಟೆ ಲೈನ್ ಬಂದ್ ಮಾಡಿಸಿ.

ಕಾಗದ, ಕೊಟೇಶನ್

ಸ್ವಂತ ಜಾಗದಲ್ಲೇ ಆದರೂ ಪಾಲಿಕೆ, ನಗರಸಭೆ ಅಥವಾ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಹೆದ್ದಾರಿಯ ಜಾಗದೊಳಗೆ, ಅಂದರೆ ಬೇಲಿ ಕಲ್ಲಿನಿಂದ ಒಳಗೆ, 2002ರ ರಾಷ್ಟ್ರೀಯ ಹೆದ್ದಾರಿ ನಿಯಂತ್ರಣ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಏನೂ ನಿಲ್ಲಿಸುವಂತಿಲ್ಲ. ಬೇಲಿಯಾಚೆ ನಿಮ್ಮ ಜಮೀನಿನಲ್ಲೂ ರಸ್ತೆಯ ನಡುಗೆರೆಯಿಂದ 40 ಮೀಟರಿನ ಕಟ್ಟಡ ರೇಖೆ ಇದೆಯೆಂಬುದನ್ನು ನೆನಪಿಟ್ಟು ಸರ್ವೆ ಮಾಡಿಸಿ. ಜಂಕ್ಷನ್, ಸೇತುವೆಯಿಂದ 100 ಮೀಟರ್ ದೂರ ಇರಲಿ. ಮಿಣುಕುವ ಕೆಂಪು ಹಸಿರು ದೀಪ ಬೇಡ, ಸಿಗ್ನಲ್ ಎಂದು ಭ್ರಮೆಯಾಗುತ್ತದೆ. ರಸ್ತೆ ಅಗಲವಾಗುವ ಸುದ್ದಿ ಇದ್ದರೆ ಬೋಲ್ಟ್ ಹಾಕಿದ ಕಂಬವೇ ಮೇಲು, ಬಿಚ್ಚಿ ಹಿಂದಕ್ಕೆ ತರಬಹುದು. ಕಾಂಕ್ರೀಟಿನೊಳಗೆ ಹೂತದ್ದನ್ನು ಕತ್ತರಿಸಲೇಬೇಕು.

ಕೊಟೇಶನ್ ಚದರಡಿ ಲೆಕ್ಕದಲ್ಲಿ ಬಂದರೆ ವಾಪಸ್ ಕಳಿಸಿ. ಉಕ್ಕು ಎಷ್ಟು ಕೆ.ಜಿ., ಕಾಂಕ್ರೀಟು ಎಷ್ಟು ಘನ ಮೀಟರ್, ಎಸಿಪಿ ಯಾವ ಲೇಪನ, ಮಾಡ್ಯೂಲ್ ಎಷ್ಟು, ಕ್ರೇನ್ ಯಾರದು ಎಂದು ಬಿಡಿ ಬಿಡಿಯಾಗಿ ಬರಲಿ. ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ನಕ್ಷೆ, ಸ್ಥಿರತೆ ಪ್ರಮಾಣಪತ್ರ ಬೋರ್ಡಿನವನ ಬಾಯಿಮಾತಲ್ಲ, ನಿಮ್ಮ ಫೈಲಿನಲ್ಲಿರಬೇಕು. ಮೂರನೆಯವರ ಹಾನಿಗೆ ವಿಮೆ ಮಾಡಿಸುವಾಗಲೂ ಅದೇ ಕಾಗದ ಕೇಳುತ್ತಾರೆ. ಹಣ ಮೂರು ಕಂತಿನಲ್ಲಿ ಕೊಡಿ, ಕೊನೆಯದು ಒಂದು ಮಳೆ ಕಳೆದ ಮೇಲೆ.

ನಿಂತ ಮೇಲೆ ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು. ಯುಗಾದಿ ಮುಗಿದೊಡನೆ, ಬಿರುಗಾಳಿ ಶುರುವಾಗುವ ಮುಂಚೆ: ಸ್ಪ್ಯಾನರ್ ಹಿಡಿದು ಪ್ರತಿ ನಟ್, ಆನಿಕೆ ಪಟ್ಟಿಯ ಬೆಸುಗೆಯ ತುದಿಯಲ್ಲಿ ಕೂದಲಿನಂಥ ಸೀಳು, ಬುಡದ ತೂತು ಕಟ್ಟಿದೆಯೇ. ದಸರಾ ಆಯುಧ ಪೂಜೆಗೆ ಹೇಗೂ ಕಂಬ ತೊಳೆಯುತ್ತೀರಿ, ಆಗ ಬಣ್ಣದ ಗುಳ್ಳೆ, ಆರ್‌ಸಿಸಿಬಿಯ ಟೆಸ್ಟ್ ಗುಂಡಿ. ಬೋಲ್ಟ್ ಕೂರಿಸಲು ಮಾಡಿಸಿದ ಟೆಂಪ್ಲೇಟನ್ನು ಮಾತ್ರ ಗುಜರಿಗೆ ಹಾಕಬೇಡಿ, ಗೋಡೌನಿನಲ್ಲಿ ಮೊಳೆಗೆ ನೇತುಹಾಕಿ. ಮುಂದೆ ಕಂಬ ಬದಲಾಯಿಸುವ ದಿನ ಹೊಸ ಪ್ಲೇಟಿಗೆ ತೂತು ಕೊರೆಯಲು ಅದೊಂದೇ ಅಳತೆ.